ಹಲ್ಲಿನ ಬಿಳಿ ಮಚ್ಚೆ: ನೋವಿಗೆ ಮುಂಚೆಯೇ ಗುರುತಿಸಿ

ಕಾಫಿ ತೋಟ ಮಾಡುವವರಿಗೆ ಮಣ್ಣಿನ ಹುಳಿಯ ವಿಷಯ ಹೊಸದೇನೂ ಅಲ್ಲ. ಪೊನ್ನಂಪೇಟೆಯ ಸುತ್ತಿನಲ್ಲಿ ಮಳೆ ಹೆಚ್ಚು. ಮಳೆಯ ನೀರು ಮಣ್ಣಿನಲ್ಲಿರುವ ಸುಣ್ಣದ ಅಂಶವನ್ನು ವರ್ಷ ವರ್ಷವೂ ತೊಳೆದುಕೊಂಡು ಹೋಗುತ್ತದೆ, ಮಣ್ಣು ಹುಳಿಯಾಗುತ್ತದೆ. ಮಣ್ಣು ಪರೀಕ್ಷೆ ಮಾಡಿಸಿದವರ ಚೀಟಿಯಲ್ಲಿ 'ರಸಸಾರ' ಎಂದು ಒಂದು ಅಂಕಿ ಬರೆದಿರುತ್ತದೆ. ಅದು 7 ಇದ್ದರೆ ಮಣ್ಣು ಹುಳಿಯೂ ಅಲ್ಲ, ಕ್ಷಾರವೂ ಅಲ್ಲ. ಕಾಫಿಗೆ 6ರಿಂದ 6.5ರವರೆಗೆ ಹಿತ. ಅದಕ್ಕಿಂತ ಬಹಳ ಕೆಳಗೆ ಇಳಿಯಿತೆಂದರೆ ಸುಣ್ಣ ಹಾಕಿ ಎಂದು ಸಲಹೆ ಬರುತ್ತದೆ, ನಾವೂ ಹಾಕುತ್ತೇವೆ.

ಇದೇ ರಸಸಾರದ ಲೆಕ್ಕ ನಮ್ಮ ಬಾಯಿಗೂ ಉಂಟು. ಬಾಯಲ್ಲಿ ಅದು ಸುಮಾರು 5.5ಕ್ಕಿಂತ ಕೆಳಗೆ ಇಳಿದಾಗ ಹಲ್ಲಿನಲ್ಲಿರುವ ಸುಣ್ಣವೂ ರಂಜಕವೂ ಕರಗಿ ಹೊರಗೆ ಬರತೊಡಗುತ್ತವೆ. ತೋಟಕ್ಕೆ ಕಾಲಕ್ಕೆ ಸರಿಯಾಗಿ ಸುಣ್ಣ ಹಾಕುವ ಮನೆಯಲ್ಲಿಯೇ ಮಕ್ಕಳ ಹಲ್ಲು ಮಾತ್ರ ಹುಳುಕಾಗಿ, ಕೆನ್ನೆ ಊದಿ, ರಾತ್ರಿಯೆಲ್ಲ ಅಳು ಕೇಳುವವರೆಗೂ ಯಾರ ಗಮನಕ್ಕೂ ಬಾರದೆ ಉಳಿಯುವುದುಂಟು. ಅಷ್ಟರವರೆಗೆ ಕಾಯಬೇಕಾಗಿಲ್ಲ. ಹಲ್ಲು ಕೆಡುವ ಮೊದಲನೆಯ ಹಂತವನ್ನು ಕಣ್ಣಿನಿಂದಲೇ ಕಾಣಬಹುದು, ಆ ಹಂತದಲ್ಲಿ ಹೊರಗಿನಿಂದ ಹಚ್ಚುವ ಔಷಧದಿಂದಲೇ ಅದನ್ನು ಹಿಂದಕ್ಕೆ ತಿರುಗಿಸಬಹುದು. ಈ ಲೇಖನ ಅದನ್ನು ಕುರಿತದ್ದು.

ಹಲ್ಲಿನ ಹೊರಗೆ ಕಾಣುವ ಬಿಳಿಯ ಗಟ್ಟಿ ಹೊದಿಕೆಗೆ ಎನಾಮೆಲ್ ಅಥವಾ ದಂತಕವಚ ಎಂದು ಹೆಸರು. ನಮ್ಮ ದೇಹದಲ್ಲಿ ಇದಕ್ಕಿಂತ ಗಟ್ಟಿಯಾದ ವಸ್ತು ಬೇರೊಂದಿಲ್ಲ. ತೂಕದಲ್ಲಿ ನೂರಕ್ಕೆ ಸುಮಾರು 96 ಪಾಲು ಖನಿಜವೇ. ಸುಣ್ಣ ಮತ್ತು ರಂಜಕ ಕೂಡಿ ಆದ ಸಣ್ಣ ಸಣ್ಣ ಹರಳುಗಳು ಒತ್ತಾಗಿ ಜೋಡಿಸಿಕೊಂಡಿರುತ್ತವೆ. ಈ ಹರಳಿನ ಕುಲಕ್ಕೆ ಅಪಟೈಟ್ ಎನ್ನುತ್ತಾರೆ. ನಾವು ತೋಟಕ್ಕೆ ಹಾಕುವ ರಾಕ್ ಫಾಸ್ಫೇಟ್ ಗೊಬ್ಬರವೂ ಇದೇ ಕುಲಕ್ಕೆ ಸೇರಿದ್ದು. ಹಲ್ಲಿಗೂ ಅದಕ್ಕೂ ದಾಯಾದಿ ಸಂಬಂಧ. ರಾಕ್ ಫಾಸ್ಫೇಟ್ ಹುಳಿ ಮಣ್ಣಿನಲ್ಲಿ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತದೆ, ಬಯಲುಸೀಮೆಯ ಸುಣ್ಣದ ಮಣ್ಣಿಗೆ ಹಾಕಿದರೆ ಹಾಗೆಯೇ ಉಳಿದುಬಿಡುತ್ತದೆ. ಕಾರಣ ಇಷ್ಟೇ: ಆ ಕಲ್ಲನ್ನು ಕರಗಿಸಲು ಹುಳಿ ಬೇಕು. ಗೊಬ್ಬರಕ್ಕೆ ಲಾಭವಾದ ಆ ಗುಣವೇ ಹಲ್ಲಿಗೆ ನಷ್ಟ.

ಬಾಯಿಗೆ ಹುಳಿ ಎಲ್ಲಿಂದ ಬರುತ್ತದೆ? ಕಾಚಂಪುಳಿ ಹಾಕಿದ ಸಾರಿನಿಂದಲೋ ಎಂದು ಕೇಳುವವರುಂಟು. ಊಟದೊಡನೆ ನುಂಗಿ ಹೋಗುವ ಅಷ್ಟು ಹುಳಿಯಿಂದ ಹೆದರಬೇಕಾದ್ದಿಲ್ಲ. ಹುಣಸೆಯ ತುಂಡನ್ನೋ ನಿಂಬೆಯ ಹೋಳನ್ನೋ ಬಹಳ ಹೊತ್ತು ಚೀಪುವುದು, ಬಾಟಲಿಯ ಪಾನೀಯವನ್ನು ಗುಟುಕು ಗುಟುಕಾಗಿ ಗಂಟೆಗಟ್ಟಲೆ ಕುಡಿಯುವುದು, ಇವು ಹಲ್ಲನ್ನು ನೇರವಾಗಿ ಸವೆಸುತ್ತವೆ, ನಿಜ. ಆದರೆ ಹುಳುಕಿಗೆ ಮುಖ್ಯ ಕಾರಣ ಸಿಹಿ. ಹಲ್ಲಿನ ಮೇಲೆ ಕಟ್ಟುವ ಲೋಳೆಯಂಥ ಪಾಚಿಯಲ್ಲಿ ಕಣ್ಣಿಗೆ ಕಾಣದ ಕ್ರಿಮಿಗಳಿರುತ್ತವೆ. ಅವುಗಳಲ್ಲಿ ಮುಖ್ಯವಾದ ಒಂದನ್ನು 1924ರಲ್ಲಿ ಕ್ಲಾರ್ಕ್ ಎಂಬ ವಿಜ್ಞಾನಿ ಗುರುತಿಸಿದರು. ನಾವು ತಿಂದ ಸಕ್ಕರೆ, ಬೆಲ್ಲ, ಜೇನು, ಬಿಸ್ಕತ್ತಿನ ಹಿಟ್ಟು ಇವನ್ನು ಆ ಕ್ರಿಮಿಗಳು ತಿಂದು ಹುಳಿಯನ್ನು ಬಿಡುತ್ತವೆ. ಬೆಲ್ಲದ ಕಾಫಿ ಕುಡಿದ ಕೆಲವೇ ನಿಮಿಷಗಳಲ್ಲಿ ಪಾಚಿಯ ಕೆಳಗೆ ರಸಸಾರ ಇಳಿಯುತ್ತದೆ. ಮತ್ತೆ ಸರಿಹೋಗಲು ಅರ್ಧ ಗಂಟೆಯೋ ಇನ್ನೂ ಹೆಚ್ಚೋ ಹಿಡಿಯುತ್ತದೆ.

ಸರಿಮಾಡುವುದು ಯಾರು? ನಮ್ಮ ಜೊಲ್ಲು. ಅದು ಬರಿಯ ನೀರಲ್ಲ. ಸುಣ್ಣ ಮತ್ತು ರಂಜಕ ಕರಗಿರುವ ದ್ರಾವಣ. ಹುಳಿ ತಗ್ಗಿದ ಕೂಡಲೆ ಅದು ಹಲ್ಲಿನಿಂದ ಹೋದ ಖನಿಜವನ್ನು ಮತ್ತೆ ತಂದು ತುಂಬುತ್ತದೆ. ಹೀಗೆ ದಿನವೂ ಕರಗುವುದು, ತುಂಬುವುದು ನಡೆದೇ ಇರುತ್ತದೆ. ತುಂಬಲು ಬಿಡುವು ಸಿಕ್ಕದಿದ್ದರೆ ಹಲ್ಲು ಸೋಲುತ್ತದೆ. ಆದಕಾರಣ ಮಗು ಎಷ್ಟು ಸಿಹಿ ತಿಂದಿತು ಎನ್ನುವುದರ ಜೊತೆಗೆ ಎಷ್ಟು ಸಲ ತಿಂದಿತು ಎಂಬುದನ್ನೂ ಎಣಿಸಬೇಕು. ಹಬ್ಬದ ದಿನ ಊಟದೊಡನೆ ಒಂದೇ ಸಲ ಪಾಯಸ ಉಂಡ ಮಗುವಿಗಿಂತ, ಅಂಗಡಿಯ ಮಿಠಾಯಿಯನ್ನು ದಿನಕ್ಕೆ ಆರು ಸಲ ಬಾಯಲ್ಲಿಟ್ಟುಕೊಳ್ಳುವ ಮಗುವಿನ ಹಲ್ಲಿಗೆ ಅಪಾಯ ಹೆಚ್ಚು. ಸಕ್ಕರೆ ಹಾಕಿದ ಹಾಲಿನ ಬಾಟಲಿಯನ್ನು ಬಾಯಲ್ಲಿಟ್ಟುಕೊಂಡೇ ನಿದ್ದೆ ಹೋಗುವ ಕೂಸಿನ ಪಾಡು ಎಲ್ಲಕ್ಕಿಂತ ಕಷ್ಟ. ನಿದ್ದೆಯಲ್ಲಿ ಜೊಲ್ಲು ಬಹಳ ಕಡಿಮೆಯಾಗುತ್ತದೆ.

ಕರಗುವಿಕೆ ಮೇಲುಗೈಯಾದಾಗ ಮೊದಲು ಆಗುವುದು ತೂತಲ್ಲ. ಕವಚದ ಮೇಲ್ಪದರ ಹಾಗೆಯೇ ಇದ್ದು, ಅದರ ಅಡಿಯಲ್ಲಿ ಖನಿಜ ಕಡಿಮೆಯಾಗುತ್ತದೆ. ಹೊರಗೆ ನೋಡಿದರೆ ಸುಣ್ಣ ಬಳಿದಂಥ, ಹೊಳಪಿಲ್ಲದ ಒಂದು ಬಿಳಿ ಮಚ್ಚೆ. ನೋವಿಲ್ಲ, ಜುಮ್ಮೆನ್ನುವುದಿಲ್ಲ. ಇದೇ ನಾವು ಗುರುತಿಸಬೇಕಾದ ಹಂತ. ನೋಡುವ ಕ್ರಮ ಸುಲಭ. ಬೆಳಕಿರುವ ಜಗಲಿಯಲ್ಲಿ ಮಗುವಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಮೇಲ್ದುಟಿಯನ್ನು ಎತ್ತಿ, ಹಲ್ಲನ್ನು ಒಣ ಬಟ್ಟೆಯಿಂದ ಒರೆಸಿ. ಒದ್ದೆಯಿರುವಾಗ ಕಾಣದ ಮಚ್ಚೆ ಒಣಗಿದಾಗ ಕಾಣುತ್ತದೆ. ವಸಡಿನ ಅಂಚಿಗೆ ತಾಗಿಕೊಂಡು ಬಿಳಿಯ ಗೆರೆ ಇದೆಯೇ ನೋಡಿ. ದವಡೆ ಹಲ್ಲಿನ ಮೇಲಿನ ಸೀಳುಗಳಲ್ಲಿ ಬಿಳುಪೋ ಕಂದೋ ಇದೆಯೇ ನೋಡಿ. ತಿಂಗಳಿಗೊಮ್ಮೆ ಐದು ನಿಮಿಷದ ಕೆಲಸ.

ಎಲ್ಲ ಬಿಳಿ ಮಚ್ಚೆಯೂ ಹುಳುಕಿನ ಆರಂಭವಲ್ಲ ಎಂಬುದನ್ನೂ ಹೇಳಬೇಕು. ಹಲ್ಲು ಬೆಳೆಯುವಾಗಲೇ ಆದ ಕಲೆಗಳೂ ಇರುತ್ತವೆ. ಯಾವುದು ಯಾವುದೆಂದು ದಂತವೈದ್ಯರು ನೋಡಿ ಹೇಳಬಲ್ಲರು.

ಮಚ್ಚೆಯ ಮೇಲ್ಪದರ ಕುಸಿದು ತೂತು ಬಿತ್ತೆಂದರೆ ಕಥೆ ಬೇರೆ. ಕವಚವನ್ನು ಕಟ್ಟಿದ ಜೀವಕೋಶಗಳು ಹಲ್ಲು ವಸಡಿನಿಂದ ಹೊರಗೆ ಬರುವ ಹೊತ್ತಿಗೇ ಇಲ್ಲವಾಗಿರುತ್ತವೆ. ಮೂಳೆ ಮುರಿದರೆ ಕೂಡುತ್ತದೆ, ಚರ್ಮ ಹರಿದರೆ ಬೆಳೆಯುತ್ತದೆ. ಹಲ್ಲಿನ ಕವಚ ಮಾತ್ರ ಎರಡನೆಯ ಸಲ ಬೆಳೆಯುವುದಿಲ್ಲ. ಯಾವ ಪೇಸ್ಟೂ ಯಾವ ಪುಡಿಯೂ ತೂತನ್ನು ಮುಚ್ಚಲಾರದು. ಹಾಗೆ ಮುಚ್ಚುತ್ತದೆಂದು ಜಾಹೀರಾತು ಹೇಳಿದರೆ ನಂಬಬೇಡಿ. ಅಲ್ಲಿಂದ ಮುಂದೆ ವೈದ್ಯರೇ ಕೊರೆದು ತುಂಬಬೇಕು, ಇಲ್ಲವೆ ಬೇರು ಚಿಕಿತ್ಸೆ ಮಾಡಬೇಕು, ಅದೂ ಆಗದಿದ್ದರೆ ಕೀಳಬೇಕು. ಒಂದೊಂದು ಹಂತಕ್ಕೂ ಖರ್ಚು ಏರುತ್ತಲೇ ಹೋಗುತ್ತದೆ.

ಈಗ ಔಷಧದ ಮಾತು. ಹಚ್ಚುವ ಔಷಧಗಳಲ್ಲಿ ಮೊದಲನೆಯದೂ ಮುಖ್ಯವಾದುದೂ ಫ್ಲೋರೈಡ್. ಇದರ ಗುಣ ತಿಳಿದುಬಂದ ರೀತಿ ಸ್ವಾರಸ್ಯವಾಗಿದೆ. 1901ರಲ್ಲಿ ಅಮೆರಿಕದ ಕೊಲರಾಡೊ ಪ್ರಾಂತದ ಒಂದು ಊರಿಗೆ ಬಂದ ಮೆಕೆ ಎಂಬ ದಂತವೈದ್ಯರು ಅಲ್ಲಿಯ ಜನರ ಹಲ್ಲು ಕಂದುಬಣ್ಣಕ್ಕೆ ತಿರುಗಿರುವುದನ್ನು ಕಂಡರು. ವರ್ಷಗಟ್ಟಲೆ ಹುಡುಕಿದರೂ ಕಾರಣ ಸಿಕ್ಕಲಿಲ್ಲ; ಆದರೆ ಕಲೆಯಾದ ಆ ಹಲ್ಲುಗಳು ಹುಳುಕಾಗುವುದು ಕಡಿಮೆ ಎಂಬುದು ಗೊತ್ತಾಯಿತು. ಕೊನೆಗೆ 1931ರಲ್ಲಿ ಚರ್ಚಿಲ್ ಎಂಬ ರಸಾಯನಶಾಸ್ತ್ರಜ್ಞರು ಕುಡಿಯುವ ನೀರಿನಲ್ಲಿದ್ದ ಫ್ಲೋರೈಡೇ ಇದಕ್ಕೆ ಕಾರಣವೆಂದು ಕಂಡುಹಿಡಿದರು. ಹೆಚ್ಚಾದರೆ ಕಲೆ, ಹಿತವಾದ ಪ್ರಮಾಣದಲ್ಲಿದ್ದರೆ ರಕ್ಷಣೆ ಎಂಬುದು ಅಲ್ಲಿಂದ ಮುಂದೆ ಸ್ಪಷ್ಟವಾಯಿತು.

ಫ್ಲೋರೈಡು ಕೆಲಸ ಮಾಡುವ ಬಗೆ ಹೀಗೆ. ಜೊಲ್ಲಿನಲ್ಲಿರುವ ಸುಣ್ಣ ಮತ್ತು ರಂಜಕ ಸೋತ ಜಾಗಕ್ಕೆ ಮರಳುವಾಗ ಫ್ಲೋರೈಡು ಹತ್ತಿರವಿದ್ದರೆ ತುಂಬುವ ಕೆಲಸ ಬೇಗನೆ ಆಗುತ್ತದೆ. ಹೊಸದಾಗಿ ಕೂಡುವ ಹರಳು ಫ್ಲೋರೈಡನ್ನು ಒಳಗೊಂಡು ಹಳೆಯದಕ್ಕಿಂತ ಗಟ್ಟಿಯಾಗುತ್ತದೆ. ಅಂಥ ಹರಳು ಕರಗಬೇಕಾದರೆ ರಸಸಾರ ಸುಮಾರು 4.5ರವರೆಗೆ ಇಳಿಯಬೇಕು. ಹೀಗೆ ತುಂಬಿದ ಮಚ್ಚೆ ಗಟ್ಟಿಯಾಗಿ ಹೊಳಪು ಪಡೆಯುತ್ತದೆ. ಕೆಲವು ಸಲ ಬಿಳುಪು ಪೂರ್ತಿಯಾಗಿ ಮಾಯವಾಗದೆ ಗುರುತಾಗಿ ಉಳಿಯಬಹುದು, ಅದರಿಂದ ತೊಂದರೆಯಿಲ್ಲ.

ಎಲ್ಲರ ಕೈಗೂ ಎಟಕುವ ಫ್ಲೋರೈಡೆಂದರೆ ಪೇಸ್ಟು. ಎಲ್ಲ ಪೇಸ್ಟಿನಲ್ಲಿಯೂ ಅದು ಇರುವುದಿಲ್ಲ. ಹಲ್ಲುಪುಡಿಗಳಲ್ಲಿ ಬಹುಪಾಲು ಇರುವುದೇ ಇಲ್ಲ. ನಮ್ಮ ದೇಶದ ನಿಯಮದಂತೆ ಪೇಸ್ಟಿನಲ್ಲಿ ಫ್ಲೋರೈಡು 1000 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿಗೆ ಸಾವಿರ ಪಾಲು, ಮೀರಕೂಡದು. ಎಷ್ಟಿದೆಯೆಂದು ಟ್ಯೂಬಿನ ಮೇಲೆ ಅಚ್ಚು ಹಾಕಿರಬೇಕು. ಸಣ್ಣ ಇಂಗ್ಲಿಷ್ ಅಕ್ಷರವಾದ್ದರಿಂದ ಶಾಲೆಗೆ ಹೋಗುವ ಮಗನಿಂದಲೋ ಮಗಳಿಂದಲೋ ಓದಿಸಿ. 1000 ಪಿಪಿಎಂಗೆ ಹತ್ತಿರವಿರುವುದನ್ನು ಕೊಳ್ಳಿ. ಹೆಸರು, ಪರಿಮಳ, ಬಣ್ಣ ಇವುಗಳಿಗೆ ಹೆಚ್ಚು ಹಣ ಕೊಡಬೇಕಾದ್ದಿಲ್ಲ.

ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು ಪೇಸ್ಟು, ಮೂರರಿಂದ ಆರು ವರ್ಷದವರೆಗೆ ಬಟಾಣಿ ಕಾಳಿನಷ್ಟು. ದೊಡ್ಡವರೇ ಹಿಂಡಿ ಕೊಡಬೇಕು, ಏಕೆಂದರೆ ಸಣ್ಣ ಮಕ್ಕಳು ಉಗುಳದೆ ನುಂಗುತ್ತಾರೆ. ದಿನಕ್ಕೆ ಎರಡು ಸಲ ಉಜ್ಜಬೇಕು. ನಮ್ಮಲ್ಲಿ ಬೆಳಿಗ್ಗೆ ಉಜ್ಜುವ ರೂಢಿ ಚೆನ್ನಾಗಿದೆ. ರಾತ್ರಿಯದು ತಪ್ಪುತ್ತದೆ, ಹೆಚ್ಚು ಮುಖ್ಯವಾದುದು ಅದೇ. ಉಜ್ಜಿದ ಮೇಲೆ ಪೇಸ್ಟನ್ನು ಉಗುಳಿ ಸುಮ್ಮನಿರಬೇಕು. ಚೊಂಬಿನ ತುಂಬ ನೀರು ಹಿಡಿದು ಹತ್ತು ಸಲ ಮುಕ್ಕಳಿಸಿದರೆ ಹಲ್ಲಿನ ಮೇಲೆ ನಿಲ್ಲಬೇಕಾದ ಔಷಧವೆಲ್ಲ ಬಚ್ಚಲಿಗೆ ಹೋಗುತ್ತದೆ.

ಬಿಳಿ ಮಚ್ಚೆ ಕಂಡ ಮಗುವಿಗೆ ಪೇಸ್ಟೊಂದೇ ಸಾಲದು. ಅದಕ್ಕೆ ಫ್ಲೋರೈಡ್ ವಾರ್ನಿಷ್ ಎಂಬ ಲೇಪನವಿದೆ. ಬಾಗಿಲಿಗೆ ಬಳಿಯುವ ವಾರ್ನಿಷ್ ಅಲ್ಲ, ಆದರೆ ಬಳಿಯುವ ರೀತಿ ಹಾಗೆಯೇ. 1960ರ ದಶಕದಲ್ಲಿ ಜರ್ಮನಿಯಲ್ಲಿ ಮೊದಲು ಬಳಕೆಗೆ ಬಂತು. ಇದರಲ್ಲಿ ಫ್ಲೋರೈಡು ಸಾಮಾನ್ಯವಾಗಿ 22,600 ಪಿಪಿಎಂ, ಪೇಸ್ಟಿನ ಇಪ್ಪತ್ತೆರಡು ಪಟ್ಟಿಗೂ ಹೆಚ್ಚು. ಆದ್ದರಿಂದ ವೈದ್ಯರೋ ತರಬೇತಿ ಪಡೆದವರೋ ಮಾತ್ರ ಹಚ್ಚತಕ್ಕದ್ದು. ಹಲ್ಲನ್ನು ಹತ್ತಿಯಿಂದ ಒರೆಸಿ, ಸಣ್ಣ ಕುಂಚದಿಂದ ತೆಳುವಾಗಿ ಬಳಿಯುತ್ತಾರೆ. ಸೂಜಿಯಿಲ್ಲ, ಕೊರೆಯುವುದಿಲ್ಲ, ಕೆಲವೇ ನಿಮಿಷದ ಕೆಲಸ. ಜೊಲ್ಲು ತಾಗಿದ ಕೂಡಲೆ ಅದು ಗಟ್ಟಿಯಾಗಿ ಅಂಟಿಕೊಂಡು ಗಂಟೆಗಟ್ಟಲೆ ಹಲ್ಲಿನ ಮೇಲೆ ಉಳಿಯುತ್ತದೆ. ಅಷ್ಟರಲ್ಲಿ ಫ್ಲೋರೈಡು ಸುಣ್ಣದೊಡನೆ ಕೂಡಿ ಸೂಕ್ಷ್ಮವಾದ ಕಣಗಳಾಗಿ ಹಲ್ಲಿನ ಮೇಲೆ ನಿಲ್ಲುತ್ತದೆ. ಈ ಕಣಗಳು ಕಣಜದಲ್ಲಿಟ್ಟ ಬತ್ತದಂತೆ: ಮುಂದೆ ಹುಳಿ ಬಂದಾಗಲೆಲ್ಲ ಒಂದಿಷ್ಟು ಕರಗಿ ಫ್ಲೋರೈಡನ್ನು ಬಿಟ್ಟುಕೊಡುತ್ತವೆ.

ಕಣಜ ಬರಿದಾಗುತ್ತದೆ, ಮತ್ತೆ ತುಂಬಬೇಕು. ಆದ್ದರಿಂದ ಆರು ತಿಂಗಳಿಗೊಮ್ಮೆ, ಹುಳುಕು ಹೆಚ್ಚಿರುವ ಮಗುವಿಗೆ ಮೂರು ತಿಂಗಳಿಗೊಮ್ಮೆ ಹಚ್ಚಿಸಬೇಕು. ಮಳೆಗೆ ಮುಂಚೆ ಬೋರ್ಡೋ ದ್ರಾವಣ ಹೊಡೆದಂತೆ ಇದು. ಒಂದು ವರ್ಷ ಹೊಡೆದೆವೆಂದು ಮರುವರ್ಷ ಬಿಡುವುದುಂಟೆ? 2013ರಲ್ಲಿ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಬಳಗದವರು ಹನ್ನೆರಡು ಸಾವಿರಕ್ಕೂ ಮಿಕ್ಕಿದ ಮಕ್ಕಳ ಮೇಲೆ ನಡೆದ 22 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದರು. ವಾರ್ನಿಷ್ ಹಚ್ಚಿಸಿಕೊಂಡವರಲ್ಲಿ ಹುಳುಕು ಶಾಶ್ವತ ಹಲ್ಲಿನಲ್ಲಿ ನೂರಕ್ಕೆ 43ರಷ್ಟು, ಹಾಲುಹಲ್ಲಿನಲ್ಲಿ ನೂರಕ್ಕೆ 37ರಷ್ಟು ಕಡಿಮೆಯಾಗಿತ್ತು.

ತೂತು ಬಿದ್ದುಹೋಗಿ, ಕೊರೆಸಿಕೊಳ್ಳಲು ಮಗು ಒಪ್ಪದಿದ್ದರೆ ಇನ್ನೊಂದು ಲೇಪನವುಂಟು: ಸಿಲ್ವರ್ ಡೈಅಮೈನ್ ಫ್ಲೋರೈಡ್, ಬೆಳ್ಳಿಯ ಲವಣ ಕೂಡಿದ ದ್ರವ. ಬೆಳ್ಳಿ ಕ್ರಿಮಿಗಳನ್ನು ಕೊಲ್ಲುತ್ತದೆ, ಫ್ಲೋರೈಡು ಗಟ್ಟಿಮಾಡುತ್ತದೆ. ಹುಳುಕು ಇದ್ದಲ್ಲಿಯೇ ನಿಲ್ಲುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇದನ್ನೂ ಫ್ಲೋರೈಡ್ ಪೇಸ್ಟನ್ನೂ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಹುಳುಕಿದ ಭಾಗ ಇದರಿಂದ ಕಪ್ಪಾಗುತ್ತದೆ, ಮತ್ತೆ ಬಿಳಿಯಾಗುವುದಿಲ್ಲ. ಬಿದ್ದುಹೋಗುವ ಹಾಲುಹಲ್ಲಿಗೆ, ಕಾಣದ ದವಡೆ ಹಲ್ಲಿಗೆ ಇದು ತಕ್ಕದ್ದು. ಮುಂದಿನ ಹಲ್ಲಿಗಾದರೆ ವೈದ್ಯರೊಡನೆ ಕೂತು ಯೋಚಿಸಿ ಒಪ್ಪಿಗೆ ಕೊಡಬೇಕು.

ಪೇಟೆಯ ಔಷಧದಂಗಡಿಗಳಲ್ಲಿ ಬೇರೆ ಲೇಪನಗಳೂ ದೊರೆಯುತ್ತವೆ. ಹಾಲಿನ ಕೇಸೀನಿನಿಂದ ಮಾಡಿದ ಒಂದು ಕೆನೆ ಆಸ್ಟ್ರೇಲಿಯದ ಮೆಲ್ಬರ್ನಿನ ಸಂಶೋಧನೆಯಿಂದ ಬಂದದ್ದು. ಅದು ಸುಣ್ಣವನ್ನೂ ರಂಜಕವನ್ನೂ ಹಲ್ಲಿಗೆ ಒದಗಿಸುತ್ತದೆ. ಹಾಲು ಒಗ್ಗದೆ ಅಲರ್ಜಿಯಾಗುವವರು ಅದನ್ನು ಮುಟ್ಟಕೂಡದು. ಹಲ್ಲಿನ ಹರಳನ್ನೇ ನುಣ್ಣಗೆ ಪುಡಿಮಾಡಿದಂಥ ಹೈಡ್ರಾಕ್ಸಿಅಪಟೈಟ್ ಪೇಸ್ಟು ಜಪಾನಿನಲ್ಲಿ 1980ರಿಂದ ಮಾರಾಟದಲ್ಲಿದೆ. ಗಾಜಿನ ಜಾತಿಯ ಒಂದು ಪುಡಿ ಸೇರಿದ ಪೇಸ್ಟನ್ನು ಹಲ್ಲು ಜುಮ್ಮೆನ್ನುವವರಿಗೆ ಕೊಡುತ್ತಾರೆ. ಇವು ನಿರುಪಯೋಗಿ ಎಂದು ನಾವು ಹೇಳುವುದಿಲ್ಲ. ಆದರೆ ಫ್ಲೋರೈಡಿಗಿಂತ ಮೇಲೆಂದು ಗಟ್ಟಿಯಾಗಿ ಹೇಳುವಷ್ಟು ಆಧಾರವಿಲ್ಲ, ಬೆಲೆ ಮಾತ್ರ ಬಹಳ ಹೆಚ್ಚು. ವೈದ್ಯರು ಬರೆದುಕೊಟ್ಟರೆ ಕೊಳ್ಳಿ. ಜಾಹೀರಾತು ನೋಡಿ ಕೊಳ್ಳಬೇಡಿ.

ಸುಣ್ಣ ಹೋದದ್ದಕ್ಕೆ ಸುಣ್ಣ ಹಚ್ಚಿದರಾಗದೆ, ವೀಳ್ಯದೆಲೆಗೆ ಹಚ್ಚುವ ಸುಣ್ಣ ಮನೆಯಲ್ಲೇ ಇದೆಯಲ್ಲ ಎಂದು ಹಿರಿಯರು ಕೇಳಬಹುದು. ಆಗುವುದಿಲ್ಲ. ಅದು ಸುಡುವ ಸುಣ್ಣ. ಬಾಯಿಯ ತೊಗಲನ್ನು ಸುಡುತ್ತದೆಯೇ ಹೊರತು ಹರಳಾಗಿ ಹಲ್ಲಿನಲ್ಲಿ ಕೂಡುವುದಿಲ್ಲ. ಜೊತೆಗೆ ಅಗಿಯುವ ಅಡಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿದೆ. ಅಡಿಕೆ ಬೆಳೆಯುವ ನಾವು ಇದನ್ನು ಓದಲು ಇಷ್ಟಪಡದಿದ್ದರೂ ಮಾತು ನಿಜ. ಇದ್ದಲು, ಉಮಿಕರಿ, ಇಟ್ಟಿಗೆ ಪುಡಿ ಇವು ಕವಚವನ್ನು ಅರದಂತೆ ಉಜ್ಜಿ ತೆಳುವಾಗಿಸುತ್ತವೆ. ಬೇವಿನ ಕಡ್ಡಿ ಪಾಚಿಯನ್ನು ತೆಗೆಯಬಹುದು, ಫ್ಲೋರೈಡನ್ನು ಕೊಡಲಾರದು. ಇನ್ನು ಕೆಂಡದ ಮೇಲೆ ಬೀಜ ಸುರಿದು ಬಾಯಿಗೆ ಹೊಗೆ ಕೊಟ್ಟು ಹಲ್ಲಿನ ಹುಳು ತೆಗೆಯುವವರಿದ್ದಾರೆ. 'ಹುಳುಕು' ಎಂಬ ಮಾತಿನಲ್ಲೇ ಹುಳುವಿದ್ದರೂ ಹಲ್ಲಿನಲ್ಲಿ ಹುಳುವಿಲ್ಲ. ಅವರು ತೋರಿಸುವುದು ಬಿಸಿಗೆ ಸಿಡಿದ ಬೀಜದ ಮೊಳಕೆಯನ್ನು.

ಫ್ಲೋರೈಡೆಂದರೆ ವಿಷವಲ್ಲವೆ ಎಂಬ ಸಂಶಯವೂ ಕೇಳಿಬರುತ್ತದೆ. ಪಾವಗಡ, ಬಾಗೇಪಲ್ಲಿ, ಮುಂಡರಗಿಯ ಕಡೆ ಕೊಳವೆಬಾವಿಯ ನೀರಿನಲ್ಲಿ ಅದು ಹೆಚ್ಚಾಗಿ, ಹಲ್ಲು ಕಂದಾಗಿ ಮೂಳೆ ಬಿಗಿದುಕೊಂಡವರ ವಿಷಯ ಪತ್ರಿಕೆಗಳಲ್ಲಿ ಓದಿದ್ದೀರಿ. ಅದು ವರ್ಷಗಟ್ಟಲೆ ಕುಡಿದು ದೇಹದೊಳಗೆ ಸೇರಿದ ಫ್ಲೋರೈಡಿನ ಫಲ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಹಿತವಾದ ಮಿತಿ. ಬೇರೆ ನೀರು ಇಲ್ಲದಿದ್ದರೆ 1.5ರವರೆಗೆ ಎಂದು ನಮ್ಮ ದೇಶದ ಮಾನಕ ಹೇಳುತ್ತದೆ. ಈ ತೊಂದರೆಗೆ ಹೆಸರಾದ ಜಿಲ್ಲೆಗಳ ಸಾಲಿನಲ್ಲಿ ಕೊಡಗು ಇಲ್ಲ. ಹೊರಗೆ ಹಚ್ಚಿ ಉಗುಳುವ ಕಾಳಿನಷ್ಟು ಪೇಸ್ಟಿಗೂ ಆ ಕಾಯಿಲೆಗೂ ಹೋಲಿಕೆಯಿಲ್ಲ. ಪೇಸ್ಟು ಸಿಹಿಯೆಂದು ಮಗು ಟ್ಯೂಬನ್ನೇ ಚೀಪದಂತೆ ಮಾತ್ರ ಎತ್ತರದಲ್ಲಿಡಿ.

ಹಾಲುಹಲ್ಲು ಹೇಗೂ ಬಿದ್ದುಹೋಗುತ್ತದೆ, ಅದಕ್ಕೇಕೆ ಇಷ್ಟೆಲ್ಲ ಎಂಬ ಮಾತು ಮನೆಮನೆಯಲ್ಲಿಯೂ ಇದೆ. ಹಿಂದಿನ ಹಾಲುಹಲ್ಲು ಹತ್ತು ಹನ್ನೆರಡು ವರ್ಷದವರೆಗೂ ಇರತಕ್ಕದ್ದು. ಅಲ್ಲಿಯವರೆಗೆ ಮಗು ಅನ್ನ ಅಗಿಯಬೇಡವೆ? ಇನ್ನೊಂದು ಸಂಗತಿ ಹಲವರಿಗೆ ತಿಳಿಯದು. ಆರನೆಯ ವರ್ಷದ ಸುಮಾರಿಗೆ ಹಾಲುಹಲ್ಲುಗಳ ಹಿಂದೆ, ಯಾವ ಹಲ್ಲೂ ಬೀಳದೆಯೇ, ಹೊಸ ದವಡೆ ಹಲ್ಲು ಬರುತ್ತದೆ. ಹಲ್ಲು ಬಿದ್ದ ಗುರುತಿಲ್ಲದ ಕಾರಣ ಅದನ್ನೂ ಹಾಲುಹಲ್ಲೆಂದೇ ಎಣಿಸಿ ಅಲಕ್ಷ್ಯ ಮಾಡುತ್ತಾರೆ. ಅದು ಶಾಶ್ವತ ಹಲ್ಲು, ಹೋದರೆ ಮತ್ತೆ ಬಾರದು. ಹೊಸದಾಗಿ ಬಂದಾಗ ಅದರ ಕವಚ ಇನ್ನೂ ಎಳೆಯದು, ಬೇಗ ಕರಗುವಂಥದು. ವಾರ್ನಿಷ್ ಹಚ್ಚಿಸಲು ಅದಕ್ಕಿಂತ ತಕ್ಕ ಕಾಲವಿಲ್ಲ.

ಎಲ್ಲಿ ತೋರಿಸಬೇಕು? ವಿರಾಜಪೇಟೆಯ ಮಗ್ಗುಲದಲ್ಲಿ 1999ರಲ್ಲಿ ಆರಂಭವಾದ ದಂತವೈದ್ಯಕೀಯ ಕಾಲೇಜು ಇದೆ. ಬೋಧನಾಸ್ಪತ್ರೆಗಳಲ್ಲಿ ಖರ್ಚು ಸಾಮಾನ್ಯವಾಗಿ ಕಡಿಮೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡದವರು ಅಂಗನವಾಡಿಗೂ ಸರಕಾರಿ ಶಾಲೆಗೂ ಬಂದಾಗ ಮಕ್ಕಳ ಹಲ್ಲನ್ನೂ ನೋಡತಕ್ಕದ್ದು. ಮಚ್ಚೆ ಕಂಡಿದ್ದರೆ ಟೀಚರ ಮೂಲಕ ಮೊದಲೇ ತಿಳಿಸಿಡಿ. ತೋಟದ ಮಾಲೀಕರಿಗೆ ಒಂದು ಮಾತು. ಲೈನ್‌ಮನೆಗಳ ಮತ್ತು ಹಾಡಿಗಳ ಮಕ್ಕಳನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾದರೆ ತಾಯಿಗೆ ಒಂದು ದಿನದ ಕೂಲಿ ಹೋಗುತ್ತದೆ. ಕಾಫಿ ಕೊಯ್ಲಿನ ಕಾಲದಲ್ಲಂತೂ ಯಾರೂ ಹೋಗಲಾರರು. ಕೊಯ್ಲು ಮುಗಿದ ಮೇಲೆ ಒಂದು ದಿನ ಜೀಪಿನಲ್ಲಿ ಹತ್ತು ಮಕ್ಕಳನ್ನು ಒಟ್ಟಿಗೆ ಕಳುಹಿಸಿ, ಆ ದಿನದ ಕೂಲಿಯನ್ನು ತಾಯಂದಿರಿಗೆ ಕೊಟ್ಟರೆ ದೊಡ್ಡ ಹೊರೆಯೇನೂ ಆಗದು.

ವಾರ್ನಿಷ್ ಹಚ್ಚಿಸುವ ದಿನ ಮಗುವಿಗೆ ಮೊದಲೇ ಊಟ ಮಾಡಿಸಿ, ಹಲ್ಲು ಉಜ್ಜಿಸಿ ಕರೆದುಕೊಂಡು ಹೋಗಿ. ಉಬ್ಬಸ, ಅಲರ್ಜಿ, ಬಾಯಿಹುಣ್ಣು ಇದ್ದರೆ ವೈದ್ಯರಿಗೆ ತಿಳಿಸಿ. ಹಚ್ಚಿದ ಮೇಲೆ ಕೆಲವು ಗಂಟೆ ಗಟ್ಟಿ ತಿಂಡಿಯೂ ಬಹಳ ಬಿಸಿಯಾದುದೂ ಬೇಡ. ತಣ್ಣನೆಯ ಗಂಜಿ, ಮೊಸರನ್ನ ಆಗಬಹುದು. ಕೆಲವು ಬಗೆಯ ವಾರ್ನಿಷಿನಿಂದ ಹಲ್ಲು ಒಂದು ದಿನ ಹಳದಿಯಾಗಿ ಕಾಣುತ್ತದೆ. ಹೆದರಿ ಉಜ್ಜಿ ತೆಗೆಯಬೇಡಿ. ಆ ರಾತ್ರಿ ಬ್ರಷ್ ಬೇಡ. ಮರುದಿನ ಬೆಳಿಗ್ಗೆ ಎಂದಿನಂತೆ ಉಜ್ಜಿಸಿ, ಮುಂದಿನ ಸಲ ಬರಬೇಕಾದ ತಿಂಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿಕೊಳ್ಳಿ.